ಲತೀಫಾ ಬೇಡ ಅಂದದ್ದು

ರಾಯಚೂರಿನ ಆ ಸರ್ಕಾರಿ ಶಾಲೆಯಲ್ಲಿ ಮುಸರ್ರತ್‌ಳ ಸೌಟಿನಿಂದ ತಪ್ಪಿಸಿಕೊಂಡ ಮಗು ಇಲ್ಲ. ಹದಿನಾಲ್ಕು ವರ್ಷಗಳಿಂದ ಬಿಸಿಯೂಟದ ಅಡುಗೆ ಅವಳ ಕೈಯಲ್ಲಿದೆ. ತಟ್ಟೆಯ ಮೇಲೆ ಅಂಗೈ ಅಡ್ಡ ಹಿಡಿದು ‘ಸಾಕ್ರಿ ಅಕ್ಕಾ’ ಎನ್ನುವ ಹುಡುಗಿಯ ಕೈಯನ್ನು ಎಡಗೈಯಿಂದ ಸರಿಸಿ, ಬಲಗೈಯಿಂದ ಇನ್ನೊಂದು ಸೌಟು ಸಾರು ಸುರಿದೇ ಅವಳು ಮುಂದಿನ ತಟ್ಟೆಗೆ ಹೋಗುವುದು. ಹೊಸದಾಗಿ ಬಂದ ಟೀಚರೊಬ್ಬರು, ಮಗು ಬೇಡ ಎಂದರೂ ಯಾಕೆ ಹಾಕುತ್ತೀರಿ ಎಂದು ಒಮ್ಮೆ ಕೇಳಿದ್ದರು.

“ನಮ್ಮ ಮನ್ಯಾಗ ಹಂಗ ಕಲಿಸ್ಯಾರ್ರಿ ಮೇಡಂ,” ಎಂದಿದ್ದಳು ಮುಸರ್ರತ್. “ಮೊದಲನೇ ಸಲ ಬ್ಯಾಡ ಅನ್ನೋದು ನಾಚಿಕಿ. ಎರಡನೇ ಸಲ ಬ್ಯಾಡ ಅನ್ನೋದು ಮರ್ಯಾದಿ. ಮೂರನೇ ಸಲ ಕೇಳಿದ ಮ್ಯಾಲೇ ಖರೇ ಹಸಿವಿ ಗೊತ್ತಾಗ್ತದ.”

ಟೀಚರ್ ತಮ್ಮ ತರಗತಿಗೆ ಹಿಂತಿರುಗಿದ್ದರು. ಇನ್ನೂರು ಮಕ್ಕಳಿಗೆ ಉಣಿಸುವವಳ ಜೊತೆ ವಾದಕ್ಕೆ ನಿಲ್ಲುವ ಧೈರ್ಯ ಯಾರಿಗಿದೆ?

ಇಂಥ ಮುಸರ್ರತ್‌ಳಿಗೆ ಈ ಮಳೆಗಾಲದ ಕೊನೆಯಲ್ಲಿ ಒಬ್ಬಳೇ ಒಬ್ಬಳಿಗೆ ಉಣಿಸಲು ಆಗದೆ ಹೋಯಿತು. ಆ ಒಬ್ಬಳು ಅವಳ ತಾಯಿ ಲತೀಫಾ. ನಾಲ್ಕು ವರ್ಷಗಳ ಹಿಂದೆ ಅಬ್ಬಾ ತೀರಿಕೊಂಡ ಮೇಲೆ ಅಮ್ಮಿ ಮಾನ್ವಿಯಿಂದ ಬಂದು ಮಗಳ ಮನೆಯಲ್ಲೇ ಇದ್ದಳು. ವಯಸ್ಸು ಎಪ್ಪತ್ತೈದು ದಾಟಿದ್ದರೂ ಸೊಪ್ಪು ಸೋಸುವುದು, ಅಕ್ಕಿ ಆರಿಸುವುದು, ಓಣಿಯ ಹೆಂಗಸರ ಜಗಳಕ್ಕೆ ತೀರ್ಪು ಕೊಡುವುದು ಎಲ್ಲ ನಡೆದಿತ್ತು. ಒಂದು ಜ್ವರ ಬಂತು. ಎಂಟು ದಿನ ಇದ್ದು ಹೋಯಿತು. ಹೋಗುವಾಗ ಹಸಿವನ್ನೂ ಜೊತೆಗೆ ಕರೆದುಕೊಂಡು ಹೋಯಿತು. ಆಮೇಲಿನ ಮೂರು ವಾರ ಲತೀಫಾಳ ಹೊಟ್ಟೆಗೆ ಬಿದ್ದದ್ದು ಚಹಾ, ಚಹಾದಲ್ಲಿ ಅದ್ದಿದ ಅರ್ಧ ಬಿಸ್ಕೀಟು, ಬಲವಂತಕ್ಕೆ ಎರಡು ಚಮಚ ಗಂಜಿ. ಅಷ್ಟೇ.

ಡಾಕ್ಟರು ರಕ್ತ ನೋಡಿದರು, ಎದೆಯ ಫೋಟೋ ನೋಡಿದರು. ರೋಗ ಏನೂ ಇಲ್ಲ ಎಂದರು. ಮೂವತ್ತಾರು ಕಿಲೋಗೆ ಇಳಿದಿದ್ದಾರೆ, ಇನ್ನೊಂದು ವಾರದಲ್ಲಿ ಊಟ ಶುರುವಾಗದಿದ್ದರೆ ಭರ್ತಿ ಮಾಡಿ ಮೂಗಿನಿಂದ ನಳಿಗೆ ಹಾಕಿ ಹಾಲು ಬಿಡಬೇಕಾಗುತ್ತದೆ ಎಂದರು. ಈ ವಯಸ್ಸಿಗೆ ಅದನ್ನು ತಡೆದುಕೊಳ್ಳುವುದು ಕಷ್ಟ ಎಂಬ ಮಾತನ್ನು ಮಾತ್ರ ಲತೀಫಾಗೆ ಕೇಳಿಸದಂತೆ ಹೇಳಿದರು. ಮುಸರ್ರತ್ ಆಸ್ಪತ್ರೆಯ ಮೆಟ್ಟಿಲ ಮೇಲೆ ಕುಳಿತು ಅತ್ತಳು. ಅವಳಿಗೆ ಹೆದರಿಕೆಗಿಂತ ಹೆಚ್ಚಾಗಿ ನಾಚಿಕೆಯಾಗಿತ್ತು. ಊರ ಮಕ್ಕಳಿಗೆಲ್ಲ ಉಣಿಸಿ, ಹೆತ್ತ ತಾಯಿಯನ್ನು ಉಪವಾಸ ಕಳಿಸುವುದೆಂದರೇನು?

ಅಂದು ಸಂಜೆ ಅವಳಿಗೆ ಮಾನ್ವಿಯ ಶುಕ್ರವಾರಗಳು ನೆನಪಾದವು.

ಅವಳ ಅಬ್ಬಾ ಪೀರಾ ಸಾಬ್ ಕಲ್ಲಿನ ಕೆಲಸದವನು. ಬೀಸುವ ಕಲ್ಲು, ಒರಳು ಸವೆದು ನುಣುಪಾದರೆ ಓಣಿ ಓಣಿ ತಿರುಗಿ ಉಳಿ ಸುತ್ತಿಗೆಯಿಂದ ಮತ್ತೆ ಒರಟು ಮಾಡಿಕೊಡುತ್ತಿದ್ದ. ಶುಕ್ರವಾರ ಕೆಲಸಕ್ಕೆ ಹೋಗುತ್ತಿರಲಿಲ್ಲ. ತಿಂಗಳಿಗೊಂದು ಶುಕ್ರವಾರ ನಮಾಜು ಮುಗಿಸಿ ಬರುವಾಗ ಕುರಿಯ ತೊಡೆಯ ಮಾಂಸ ತರುತ್ತಿದ್ದ. ಆ ದಿನ ಮನೆಯ ಹೆಂಗಸು ಒಲೆ ಹೊತ್ತಿಸುವಂತಿಲ್ಲ. ಅಡುಗೆ ಅವನದೇ, ಅದೂ ಅಂಗಳದಲ್ಲಿ, ಕಲ್ಲಿನ ಮೇಲೆ. ಪತ್ಥರ್ ಕಾ ಗೋಶ್ತ್.

ಆ ಕಲ್ಲನ್ನು ಅವನೇ ನೀರಮಾನ್ವಿಯ ಗುಡ್ಡದ ಬುಡದಿಂದ ಆರಿಸಿ ತಂದಿದ್ದ. ಮೊಳದುದ್ದ, ಗೇಣಗಲ, ನಾಲ್ಕು ಬೆರಳು ದಪ್ಪ. ಹತ್ತಾರು ಕಲ್ಲುಗಳನ್ನು ಸುತ್ತಿಗೆಯಿಂದ ಮೆಲ್ಲಗೆ ಬಡಿದು, ಕಿವಿ ಇಟ್ಟು ಕೇಳಿ, ಗಂಟೆಯ ಹಾಗೆ ನಾದ ಕೊಟ್ಟದ್ದನ್ನೇ ಹೊತ್ತು ತಂದಿದ್ದನಂತೆ. ಮೊದ್ದಾಗಿ ಸದ್ದು ಮಾಡುವ ಕಲ್ಲಿನೊಳಗೆ ಬಿರುಕಿರುತ್ತದೆ, ಬೆಂಕಿಗೆ ಇಟ್ಟರೆ ಸಿಡಿದು ಕಣ್ಣು ತೆಗೆಯುತ್ತದೆ ಎಂದು ಅವನು ಪ್ರತಿ ಶುಕ್ರವಾರವೂ ಹೇಳುತ್ತಿದ್ದ, ಮಕ್ಕಳು ಪ್ರತಿ ಶುಕ್ರವಾರವೂ ಹೊಸದಾಗಿ ಹೆದರುತ್ತಿದ್ದರು.

ಮಾಂಸವನ್ನು ಅಂಗೈಯಗಲ ತೆಳ್ಳಗೆ ಸೀಳಿ, ಚೂರಿಯ ಬೆನ್ನಿನಿಂದ ತಟ್ಟಿ, ಹಸಿ ಪಪ್ಪಾಯಿ, ಶುಂಠಿ ಬೆಳ್ಳುಳ್ಳಿ, ಕರಿಮೆಣಸು, ಕಲ್ಲುಹೂವು ಅರೆದು ಮೆತ್ತಿ ಮಧ್ಯಾಹ್ನವೆಲ್ಲ ಮುಚ್ಚಿಡುತ್ತಿದ್ದ. ಹೊತ್ತಿಳಿದು ಅಸರ್ ನಮಾಜಿನ ವೇಳೆಗೆ ಮೂರು ಇಟ್ಟಿಗೆಯ ಮೇಲೆ ಕಲ್ಲು ಏರುತ್ತಿತ್ತು, ಕೆಳಗೆ ಜಾಲಿ ಕಟ್ಟಿಗೆ ಉರಿಯುತ್ತಿತ್ತು. ಕಲ್ಲು ಕಾದಿದೆಯೇ ಎಂದು ನೋಡಲು ಒಂದು ಹನಿ ನೀರು ಹಾಕಿದರೆ ಅದು ಹಾರಿ ಓಡಬೇಕು. ಆಮೇಲೆ ಕೊಬ್ಬಿನ ತುಂಡಿನಿಂದ ಒರೆಸಿ, ಒಂದೊಂದೇ ಸೀಳನ್ನು ಹಾಸಿದರೆ ಚೊಂಯ್ ಎಂಬ ಸದ್ದಿಗೆ ಇಡೀ ಓಣಿಯ ಬಾಯಲ್ಲಿ ನೀರು. ಸುಟ್ಟ ಅಂಚು ಗರಿಗರಿ, ನಡುವೆ ಮೆತ್ತಗೆ, ಮೇಲೆ ನಿಂಬೆಹುಳಿ. ಮುಸರ್ರತ್ ಮತ್ತು ತಮ್ಮ ಖಲೀಲ್ ಬೆರಳು ಸುಟ್ಟುಕೊಂಡೇ ತಿನ್ನುತ್ತಿದ್ದರು. ಐವತ್ತು ದಾಟಿದ ಮೇಲೂ ಮುಸರ್ರತ್‌ಳಿಗೆ ಸಂತೋಷ ಎಂದರೆ ಆ ಅಂಗಳವೇ ಕಣ್ಣ ಮುಂದೆ ಬರುತ್ತದೆ.

ಆ ಸಂತೋಷದಲ್ಲಿ ಒಂದೇ ಒಂದು ಮುಳ್ಳು. ಅಮ್ಮಿ ಹೊರಗೆ ಬರುತ್ತಿರಲಿಲ್ಲ.

“ಲತೀಫಾ, ಬಾ, ಒಂದು ತುಂಡು ತಿನ್ನು,” ಎಂದು ಅಬ್ಬಾ ಅಂಗಳದಿಂದ ಕೂಗುತ್ತಿದ್ದ.

“ನಕ್ಕೋ,” ಎಂದು ಒಳಗಿನಿಂದ ಉತ್ತರ. ಮನೆಯ ದಖನಿಯಲ್ಲಿ ನಕ್ಕೋ ಎಂದರೆ ಬೇಡ. ಮರ್ಯಾದೆಯ ಮನೆಯಲ್ಲಿ ಒಂದು ಬೇಡಕ್ಕೆ ಯಾರೂ ನಿಲ್ಲುವುದಿಲ್ಲವಲ್ಲ, ಅಬ್ಬಾ ಎರಡನೇ ಸಲ ಕೂಗುತ್ತಿದ್ದ, ಮೂರನೇ ಸಲ ಕೂಗುತ್ತಿದ್ದ. ಮೂರು ಸಲವೂ ನಕ್ಕೋ. ಆಗ ಅವನು ಮಕ್ಕಳ ಕಡೆ ತಿರುಗಿ, ದನಿ ತಗ್ಗಿಸಿ ಹೇಳುತ್ತಿದ್ದ: “ನೋಡ್ರಿ, ನಿಮಗ ಒಂದು ತುಂಡು ಹೆಚ್ಚಿಗಿ ಸಿಗಲಿ ಅಂತ ನಿಮ್ಮಮ್ಮಿ ಹೊಟ್ಟಿ ಕಟ್ಟಾಕತ್ತಾಳ. ಮರೀಬ್ಯಾಡ್ರಿ.”

ಖಲೀಲ್ ಮರೆತ, ಗಂಡು ಹುಡುಗ. ಮುಸರ್ರತ್ ಮರೆಯಲಿಲ್ಲ. ಎಂಟು ವರ್ಷದವಳಿದ್ದಾಗಲೇ ತನ್ನ ಪಾಲಿನಲ್ಲಿ ಎಲ್ಲಕ್ಕಿಂತ ಚೆನ್ನಾಗಿ ಬೆಂದ ತುಂಡನ್ನು ರೊಟ್ಟಿಯಲ್ಲಿ ಸುತ್ತಿ, ಯಾರಿಗೂ ಕಾಣದಂತೆ ಅಡುಗೆಮನೆಗೆ ಒಯ್ದು ಅಮ್ಮಿಯ ಕೈಗೆ ಇಡುತ್ತಿದ್ದಳು. ‘ಆಮ್ಯಾಲೆ ತಿಂತೀನಿ, ನೀ ಹೋಗು’ ಎಂದು ಅಮ್ಮಿ ಅವಳ ತಲೆ ಸವರುತ್ತಿದ್ದಳು. ಬೆಳಿಗ್ಗೆ ನೋಡಿದರೆ ತುಂಡು ಇರುತ್ತಿರಲಿಲ್ಲ. ಮದುವೆಯಾಗಿ ರಾಯಚೂರಿಗೆ ಬರುವವರೆಗೂ ಅವಳು ಈ ಕೆಲಸ ತಪ್ಪಿಸಲಿಲ್ಲ. ಬಂದ ಮೇಲೆ ತಾನೂ ಅಮ್ಮಿಯಂತೆಯೇ ಆದಳು. ಎಲ್ಲರದೂ ಮುಗಿದ ಮೇಲೆ ಪಾತ್ರೆಯ ತಳ ಕೆರೆದು ಉಣ್ಣುವುದು, ಗಂಡ ಅಲ್ಲಾಉದ್ದೀನ್ ಕರೆದರೂ ‘ನಂದು ಆಗ್ಯಾದ’ ಎನ್ನುವುದು. ತಾಯಂದಿರು ಹೀಗಿರಬೇಕು ಎಂದು ಅವಳು ಕಲಿತದ್ದು ಆ ಶುಕ್ರವಾರಗಳಿಂದ.

ಹಾಗಾಗಿ ಆ ಸಂಜೆ ಅವಳಿಗೆ ಹೊಳೆದದ್ದು ಸಹಜವೇ. ಅಮ್ಮಿ ಜೀವಮಾನವಿಡೀ ತನಗೆ ಬೇಡವೆಂದು ಬಿಟ್ಟುಕೊಟ್ಟ ಊಟವನ್ನು, ಈಗಲಾದರೂ, ಮೊದಲ ತುಂಡಿನಿಂದ ಅವಳಿಗೇ ಉಣಿಸಬೇಕು. ಅದಕ್ಕಾದರೂ ಆ ಬಾಯಿ ತೆರೆದೀತು.

ಖಲೀಲ್‌ಗೆ ಫೋನ್ ಮಾಡಿದಳು. ಅವನು ಮಾನ್ವಿಯ ಹಳೆಯ ಮನೆಯಲ್ಲೇ ಹೆಂಡತಿ ಮಕ್ಕಳೊಂದಿಗಿದ್ದ, ಗೂಡ್ಸ್ ಗಾಡಿ ಓಡಿಸುತ್ತಿದ್ದ.

“ಅಬ್ಬಾನ ಕಲ್ಲು ಎಲ್ಲದನೋ?”

“ಬಚ್ಚಲದಾಗ ಅದ ಆಪಾ. ಅದರ ಮ್ಯಾಲೆ ಬಟ್ಟಿ ಒಗೀತಾರ.”

“ನಾಚಿಕಿ ಆಗೋದಿಲ್ಲೇನು ನಿಂಗ? ಶುಕ್ರವಾರ ತಗೊಂಡು ಬಾ. ಉಜ್ಜಿ ತಗೊಂಡು ಬಾ.”

ಶುಕ್ರವಾರ ಖಲೀಲ್ ಬಂದ. ಸೋಪಿನ ಪುಡಿಯ ವಾಸನೆ ಹೋಗಲೆಂದು ಇಬ್ಬರೂ ಕಲ್ಲನ್ನು ಉಪ್ಪು ಹಾಕಿ ಮೂರು ಸಲ ತಿಕ್ಕಿದರು. ಅಬ್ಬಾನಂತೆ ಖಲೀಲ್ ಅದನ್ನು ಬಡಿದು ಕಿವಿ ಇಟ್ಟ. ಇಷ್ಟು ವರ್ಷ ಬಟ್ಟೆಯ ಪೆಟ್ಟು ತಿಂದರೂ ಕಲ್ಲು ನಾದ ಬಿಟ್ಟಿರಲಿಲ್ಲ. ಮನೆ ಮುಂದಿನ ಪುಟ್ಟ ಅಂಗಳದಲ್ಲಿ ಇಟ್ಟಿಗೆ ಹೂಡಿದರು. ಅಲ್ಲಾಉದ್ದೀನ್ ಜಾಲಿ ಕಟ್ಟಿಗೆ ಹುಡುಕಿ ತಂದ. ಲತೀಫಾಳನ್ನು ಎತ್ತಿ ತಂದು ಕಲ್ಲಿನ ಎದುರಿಗೇ ಮಂಚ ಹಾಕಿ, ಬೆನ್ನಿಗೆ ದಿಂಬು ಕೊಟ್ಟು ಕೂರಿಸಿದರು. ಅವಳು ಬೆಂಕಿಯನ್ನು ನೋಡಿದಳು, ಕಲ್ಲನ್ನು ನೋಡಿದಳು, ಸೆರಗನ್ನು ಮೂಗಿಗೆ ಎಳೆದುಕೊಂಡಳು. ಹಳೆಯದು ನೆನಪಾಗಿ ಅಳು ಬಂದಿರಬೇಕು ಎಂದುಕೊಂಡ ಮುಸರ್ರತ್‌ಳ ಕಣ್ಣೂ ತುಂಬಿತು.

ಮೊದಲ ತುಂಡು ಚೊಂಯ್ ಎಂದಿತು. ಅಂಚು ಕೆಂಪಾಯಿತು. ಮುಸರ್ರತ್ ಅದನ್ನು ಬೆರಳಷ್ಟು ಚಿಕ್ಕದಾಗಿ ಹರಿದು, ಊದಿ ಆರಿಸಿ, ತಾಯಿಯ ಬಾಯಿಯ ಹತ್ತಿರ ಹಿಡಿದಳು.

“ನಕ್ಕೋ,” ಎಂದಳು ಲತೀಫಾ.

“ಇವತ್ತ ಎಲ್ಲರಿಗಿಂತ ಮೊದಲು ನಿಂಗ ಅಮ್ಮಿ.”

“ನಕ್ಕೋ ಮಾ.”

“ನಾವೇನು ಸಣ್ಣ ಮಕ್ಕಳೇನು ಈಗ? ನಮ್ಮ ಸಲುವಾಗಿ ಬಿಡೋದು ಸಾಕು. ಬಾಯಿ ತಗಿ.”

“ನಕ್ಕೋ ಅಂದ್ನೆಲ್ಲ.”

ಮೂರು ಸಲ ಕೇಳಿಯಾಗಿತ್ತು. ಮುಸರ್ರತ್ ಎಡಗೈಯಿಂದ ತಾಯಿಯ ಗಲ್ಲ ಹಿಡಿದು ತುಂಡನ್ನು ಬಾಯಿಗೆ ಇಟ್ಟೇಬಿಟ್ಟಳು. ಶಾಲೆಯಲ್ಲಿ ಪಳಗಿದ ಕೈ. ಲತೀಫಾ ಅಗಿಯಲಿಲ್ಲ. ಹೊಟ್ಟೆಯಿಂದ ಒಮ್ಮೆ ಒಕರಿಕೆ ಬಂತು, ಮಾಂಸದ ಜೊತೆಗೆ ಬೆಳಗಿನ ಚಹಾವೂ ಮಗಳ ಮಡಿಲಿಗೆ ಬಿತ್ತು. ಖಲೀಲ್ ನೀರಿಗೆ ಓಡಿದ. ಬಾಯಿ ಮುಕ್ಕಳಿಸಿ, ಉಸಿರು ತಿರುಗಿಸಿಕೊಂಡು, ಮೂವತ್ತಾರು ಕಿಲೋದ ಆ ಹೆಂಗಸು ಮೂರು ವಾರದಲ್ಲಿ ಮೊದಲ ಸಲ ದನಿ ಎತ್ತಿದಳು.

“ಐವತ್ತು ವರ್ಷ ಆತು ನಾ ಬ್ಯಾಡ ಅನ್ನಾಕತ್ತು. ಈ ಮನ್ಯಾಗ ಒಬ್ಬರಿಗೂ ಕಿವಿ ಇಲ್ಲೇನು?”

ಕಲ್ಲಿನ ಮೇಲೆ ಉಳಿದ ತುಂಡುಗಳು ತಮ್ಮಷ್ಟಕ್ಕೆ ಕರಕಾಗುತ್ತಿದ್ದವು.

“ಆ ಸುಟ್ಟ ಕೊಬ್ಬಿನ ವಾಸನಿ ನಂಗ ಸೇರೋದಿಲ್ಲ. ಮದುವಿಯಾಗಿ ಬಂದ ಮೊದಲನೇ ಶುಕ್ರವಾರದಿಂದ ಸೇರೋದಿಲ್ಲ. ಮೂಗಿಗೆ ಸೆರಗು ಹಿಡ್ಕೊಂಡು ಒಳಗ ಕುಂದರ್ತಿದ್ದೆ.”

“ಮತ್ತ ಅಬ್ಬಾನ ಮುಂದ ಯಾಕ ಹೇಳಲಿಲ್ಲ?” ಎಂದ ಖಲೀಲ್.

“ಪ್ರತಿ ಸಲ ಮೂರು ಮೂರು ಸಲ ಹೇಳೀನಿ. ಇನ್ನ ಹ್ಯಾಂಗ ಹೇಳ್ಬೇಕಿತ್ತು? ನಾ ಬ್ಯಾಡ ಅಂದ್ರ ಆತ ಅದನ್ನ ತ್ಯಾಗ ಅಂತಿದ್ದ.”

ಮುಸರ್ರತ್ ಒದ್ದೆ ಮಡಿಲನ್ನು ಒರೆಸಿಕೊಳ್ಳುವುದನ್ನೂ ಮರೆತು ನಿಂತಿದ್ದಳು. ಕೇಳಬಾರದು ಎನಿಸಿದರೂ ಕೇಳಿದಳು.

“ನಾ ರೊಟ್ಟ್ಯಾಗ ಸುತ್ತಿ ತಂದು ಕೊಡ್ತಿದ್ನೆಲ್ಲ ಅಮ್ಮಿ, ಅದು?”

ಲತೀಫಾ ಮಗಳ ಮುಖ ನೋಡಿದಳು. ಸುಳ್ಳು ಹೇಳುವಷ್ಟು ಶಕ್ತಿ ಅವಳಲ್ಲಿ ಉಳಿದಿರಲಿಲ್ಲ.

“ಪಕ್ಕದ ಮನಿ ಮುದುಕಮ್ಮನ ಬೆಕ್ಕಿಗೆ ಹಾಕ್ತಿದ್ದೆ. ಚಲೋ ಬೆಕ್ಕು ಅದು. ದಪ್ಪಗ ಆಗಿತ್ತು.”

ಖಲೀಲ್‌ಗೆ ನಗು ತಡೆಯಲಾಗಲಿಲ್ಲ. ಅಕ್ಕನ ಮುಖ ನೋಡಿ ನಗುವನ್ನು ಕೆಮ್ಮು ಮಾಡಿಕೊಂಡ. ಮುಸರ್ರತ್‌ಳಿಗೆ ನಗು ಬರಲಿಲ್ಲ. ಅವಳಿಗೆ ಸಿಟ್ಟು ಬಂದಿತ್ತು, ಯಾರ ಮೇಲೆ ಎಂದು ತಿಳಿಯದ ಸಿಟ್ಟು. ಹತ್ತು ಹನ್ನೆರಡು ವರ್ಷ ತನ್ನ ಬಾಯಿಯಿಂದ ತೆಗೆದಿಟ್ಟ ಒಳ್ಳೆಯ ತುಂಡುಗಳೆಲ್ಲ ಒಂದು ಬೆಕ್ಕಿನ ಹೊಟ್ಟೆಗೆ ಹೋಗಿದ್ದವು. ಅದಾದರೂ ಹೋಗಲಿ. ಮೂವತ್ತೆರಡು ವರ್ಷದಿಂದ ತಾನು ತಳ ಕೆರೆದು ಉಣ್ಣುತ್ತ ಬಂದದ್ದು ಯಾರನ್ನು ನೋಡಿ? ಅಂಥ ಅಮ್ಮಿ ಇರಲೇ ಇಲ್ಲವಲ್ಲ.

ಸಿಟ್ಟು ಇಳಿದ ಮೇಲೆ, ತಾಯಿಯ ಕಾಲು ಒತ್ತುತ್ತ ಕೇಳಿದಳು: “ಮತ್ತ ಅವತ್ತ ನೀ ಏನು ಉಣ್ತಿದ್ದಿ?”

ಆಗ ಲತೀಫಾ ಹೇಳಿದ್ದು ಮನೆಯವರಾರೂ ಕೇಳದ, ಕೇಳಬೇಕೆಂದು ಯಾರಿಗೂ ಹೊಳೆಯದ ಸಂಗತಿ. ಮಾನ್ವಿಯ ಮನೆಯ ಹಿತ್ತಲ ಬಾಗಿಲು ಪಕ್ಕದ ಮುದುಕಮ್ಮನ ಹಿತ್ತಲಿಗೆ ತೆರೆಯುತ್ತಿತ್ತು. ಮುದುಕಮ್ಮ ಹೊಲಗಳಿಗೆ ಕೂಲಿಗೆ ಹೋಗುವ ಹೆಂಗಸು, ಲತೀಫಾಗಿಂತ ನಾಲ್ಕು ವರ್ಷ ದೊಡ್ಡವಳು. ಇಬ್ಬರಿಗೂ ದೇವದುರ್ಗವೇ ತವರು. ನೀರಮಾನ್ವಿ ಯಲ್ಲಮ್ಮನಿಗೆ ನಡೆದುಕೊಳ್ಳುವ ಮುದುಕಮ್ಮ ಶುಕ್ರವಾರ ಮಾಂಸ ಮುಟ್ಟುತ್ತಿರಲಿಲ್ಲ. ಅಂದು ಅವಳ ಮನೆಯಲ್ಲಿ ಪುಂಡಿಪಲ್ಯ, ಜೋಳದ ರೊಟ್ಟಿ. ಗಂಡಸರು ಮಕ್ಕಳು ಮುಂದಿನ ಅಂಗಳದಲ್ಲಿ ಬೆಂಕಿಯ ಸುತ್ತ ಕುಳಿತಾಗ ಮಗಳು ತಂದುಕೊಟ್ಟ ತುಂಡನ್ನು ಹಿಡಿದುಕೊಂಡು ಲತೀಫಾ ಮೆಲ್ಲಗೆ ಹಿತ್ತಲ ಬಾಗಿಲು ದಾಟುತ್ತಿದ್ದಳು. ಇಬ್ಬರೂ ಕಾಲು ಚಾಚಿ ಕುಳಿತು ಒಂದೇ ತಟ್ಟೆಯಲ್ಲಿ ಉಣ್ಣುತ್ತಿದ್ದರು. ಬಡಿಸುವುದಿಲ್ಲ, ಕಾಯುವುದಿಲ್ಲ, ಯಾರ ತಟ್ಟೆಯಲ್ಲಿ ಏನು ಕಡಿಮೆಯಾಯಿತೆಂದು ನೋಡುವುದಿಲ್ಲ.

“ತಿಂಗಳಿಗೆ ಒಂದು ಊಟ ಕುಂತು ಉಣ್ತಿದ್ದೆ,” ಎಂದಳು ಲತೀಫಾ. “ಅದೊಂದು ನಂದು.”

ಮರುದಿನ ಮುಸರ್ರತ್ ಸುಮ್ಮನಿರುವವಳೇ? ಸಂತೆಯಿಂದ ಪುಂಡಿಸೊಪ್ಪು ತಂದು, ತೊಗರಿಬೇಳೆ, ಜೋಳದ ನುಚ್ಚು, ಹಸಿಮೆಣಸಿನಕಾಯಿ ಹಾಕಿ ಕುದಿಸಿ, ಬೆಳ್ಳುಳ್ಳಿ ಜಜ್ಜಿ, ಮೇಲೆ ಶೇಂಗಾ ಎಣ್ಣೆ ಬಿಟ್ಟು ಪಲ್ಯ ಮಾಡಿದಳು. ಲತೀಫಾ ಎರಡು ತುತ್ತು ತಿಂದಳು. “ಚಲೋ ಆಗ್ಯಾದ,” ಎಂದು ತಟ್ಟೆ ಸರಿಸಿದಳು. ಮುಸರ್ರತ್‌ಳ ಕೈ ತಾನಾಗಿ ಮೂರನೇ ತುತ್ತು ಕಟ್ಟಿ ಮುಂದೆ ಹೋಯಿತು. ಲತೀಫಾ ತುಟಿ ಬಿಗಿದಳು. ಆ ಬಿಗಿದ ತುಟಿಯನ್ನು ನೋಡಿದಾಗ ಮುಸರ್ರತ್‌ಳಿಗೆ ಶಾಲೆಯ ಮಕ್ಕಳ ಅಂಗೈಗಳು ಒಂದೊಂದಾಗಿ ನೆನಪಾದವು, ಅವಳಿಗೆ ತನ್ನ ಕೈಯ ಮೇಲೆಯೇ ಬೇಸರವಾಯಿತು.

ಡಾಕ್ಟರು ಕೊಟ್ಟ ವಾರದಲ್ಲಿ ಇನ್ನು ಎರಡು ದಿನ ಉಳಿದಿತ್ತು. ಭಾನುವಾರ ಮೊದಲ ಬಸ್ಸಿಗೆ ಅವಳು ದೇವದುರ್ಗಕ್ಕೆ ಹೊರಟಳು. ಮುದುಕಮ್ಮ ಇಪ್ಪತ್ತು ವರ್ಷಗಳ ಹಿಂದೆಯೇ ಮಾನ್ವಿ ಬಿಟ್ಟು ಅಲ್ಲಿ ಮಗ ದುರುಗೇಶನ ಮನೆ ಸೇರಿದ್ದಳು. ಇದ್ದಾಳೋ ಇಲ್ಲವೋ ಎಂಬ ಅಂಜಿಕೆಯಲ್ಲೇ ಮನೆ ಹುಡುಕಿ ಹೋದರೆ, ಎಂಬತ್ತರ ಮುದುಕಿ ಕಟ್ಟೆಯ ಮೇಲೆ ಕುಳಿತು ಮೆಣಸಿನಕಾಯಿ ತೊಟ್ಟು ಮುರಿಯುತ್ತಿದ್ದಳು.

“ದೊಡ್ಡವ್ವಾ, ನಾ ಮುಸರ್ರತ್. ಪೀರಾ ಸಾಬನ ಮಗಳು.”

ಮುದುಕಮ್ಮ ಕಣ್ಣು ಕಿರಿದು ಮಾಡಿ ನೋಡಿದಳು. “ಲತೀಫವ್ವ ಹ್ಯಾಂಗದಾಳ?”

“ಊಟ ಬಿಟ್ಟಾಳ. ಒಂದು ತಿಂಗಳಾಗಕ ಬಂತು.”

ಮುದುಕಮ್ಮ ಏನೂ ಕೇಳಲಿಲ್ಲ. ಒಳಗೆ ಹೋಗಿ ಸೀರೆ ಬದಲಿಸಿಕೊಂಡು, ಮಗನ ಹೊಲದ ಬದುವಿನಿಂದ ಕಿತ್ತು ತಂದಿದ್ದ ಪುಂಡಿಸೊಪ್ಪಿನ ಕಟ್ಟನ್ನು ಕಂಕುಳಲ್ಲಿ ಇಟ್ಟುಕೊಂಡು ಬಂದಳು. “ನಡಿ. ಬಸ್ಸಿಗೆ ಹೊತ್ತಾಗ್ತದ.”

ರಾಯಚೂರಿಗೆ ಬಂದಾಗ ಮಧ್ಯಾಹ್ನ ಇಳಿದಿತ್ತು. ಮುದುಕಮ್ಮ ಲತೀಫಾಳನ್ನು ನೋಡಿ ಅಳಲಿಲ್ಲ, ಎಷ್ಟು ಸೊರಗಿದ್ದೀ ಎನ್ನಲಿಲ್ಲ. ಲತೀಫಾಳೂ ಅಷ್ಟೇ, ನಿನ್ನೆ ಬಿಟ್ಟ ಮಾತನ್ನು ಮುಂದುವರಿಸುವವಳಂತೆ, “ನಿನ್ನ ಮಂಡಿನೋವು ಹೋತೇನು?” ಎಂದಳು. ಮುದುಕಮ್ಮ ಅಡುಗೆಮನೆಗೆ ನಡೆದು ಒಲೆಯ ಮುಂದೆ ಕುಳಿತಳು. ರೊಟ್ಟಿ ಬಡಿಯುವ ಸದ್ದು ಕೇಳುತ್ತಲೇ ಲತೀಫಾ ಗೋಡೆ ಹಿಡಿದು ತಾನಾಗಿ ಎದ್ದು ಒಳಗೆ ಹೋದಳು. ಹಿಂದೆಯೇ ನೀರಿನ ಲೋಟ ಹಿಡಿದು ಹೋದ ಮುಸರ್ರತ್‌ಳನ್ನು ಮುದುಕಮ್ಮ ತಡೆದಳು.

“ನೀ ಹೊರಗ ಕುಂದ್ರವ್ವ. ನಮ್ಮ ಊಟದಾಗ ಮಕ್ಕಳು ಬರೂದಿಲ್ಲ.”

ಬಾಗಿಲು ಅರೆಮುಚ್ಚಿತು. ಪೂರ್ತಿ ಮುಚ್ಚದ ಸಂದಿಯಲ್ಲಿ ಮುಸರ್ರತ್ ನಿಂತು ನೋಡಿದಳು. ಇಬ್ಬರು ಮುದುಕಿಯರು ಗೋಡೆಗೆ ಒರಗಿ ಕಾಲು ಚಾಚಿದ್ದರು, ನಡುವೆ ಒಂದೇ ತಟ್ಟೆ. ಮುದುಕಮ್ಮ ಯಾವುದೋ ಎಮ್ಮೆಯ ಕಥೆ ಹೇಳುತ್ತಿದ್ದಳು. ಕಟ್ಟಿ ಹಾಕಿದ ಎಮ್ಮೆ ಹಗ್ಗ ಹರಿದುಕೊಂಡು ಬೀಗರ ಮನೆಗೇ ಹೋಗಿ ನಿಂತದ್ದು. ಅವಳ ಕಣ್ಣು ಒಮ್ಮೆಯೂ ಲತೀಫಾಳ ಕೈಯ ಕಡೆಗೆ ಹೋಗಲಿಲ್ಲ. ಲತೀಫಾ ರೊಟ್ಟಿಯ ಅಂಚು ಮುರಿದಳು, ಪಲ್ಯಕ್ಕೆ ಒತ್ತಿದಳು, ಬಾಯಿಗೆ ಇಟ್ಟಳು. ಮತ್ತೆ ಮುರಿದಳು. ಎಮ್ಮೆ ಬೀಗರ ಮನೆಯ ಜೋಳ ಮೇಯುವ ಹೊತ್ತಿಗೆ ಒಂದು ರೊಟ್ಟಿ ಮುಗಿದಿತ್ತು.

“ಸಾಕು,” ಎಂದಳು ಲತೀಫಾ.

ಮುಸರ್ರತ್ ಮನಸ್ಸಿನಲ್ಲೇ ಮೊರೆಯಿಟ್ಟಳು. ಇನ್ನೊಂದು ರೊಟ್ಟಿ ಹಾಕು ದೊಡ್ಡವ್ವಾ, ಕೇಳು, ಇನ್ನೊಂದು ಸಲ ಕೇಳು. ಒಳಗೆ ನುಗ್ಗಲು ಅವಳ ಕೈ ಬಾಗಿಲ ಮೇಲೆ ಹೋಗಿತ್ತು. ಮುದುಕಮ್ಮ ಕೇಳಲಿಲ್ಲ. ಸಾಕು ಎಂದದ್ದನ್ನು ಸಾಕು ಎಂದೇ ತೆಗೆದುಕೊಂಡು, ಉಳಿದ ರೊಟ್ಟಿಯ ಮೇಲೆ ಬಟ್ಟೆ ಮುಚ್ಚಿ, ಎಮ್ಮೆಯ ಕಥೆಗೆ ಮರಳಿದಳು. ಬೀಗರು ಎಮ್ಮೆಯನ್ನು ಹಿಡಿದು ತಂದು ಬಿಟ್ಟದ್ದಾಯಿತು, ಮಾತಿಗೆ ಮಾತು ಬೆಳೆದದ್ದಾಯಿತು. ಲತೀಫಾ ನಕ್ಕಳು. ಆ ಹಲ್ಲಿಲ್ಲದ ನಗು ಕೇಳಿ ಎಷ್ಟು ದಿನವಾಗಿತ್ತು. ನಗು ಮುಗಿದ ಮೇಲೆ ಕೈ ಚಾಚಿ, ಬಟ್ಟೆಯ ಕಡೆ ತೋರಿಸಿದಳು.

“ಇನ್ನ ಅರ್ಧ ಕೊಡು. ಪಲ್ಯಾನೂ ಹಾಕು.”

ಮುಸರ್ರತ್‌ಳ ಕೈ ಬಾಗಿಲಿನಿಂದ ಕೆಳಗಿಳಿಯಿತು. ಸದ್ದಾಗದಂತೆ ಹಿಂದೆ ಸರಿದು ಅವಳು ಅಂಗಳಕ್ಕೆ ಬಂದಳು. ಖಲೀಲ್ ವಾಪಸು ಒಯ್ಯದೆ ಬಿಟ್ಟುಹೋದ ಅಬ್ಬಾನ ಕಲ್ಲು ಬಿಸಿಲಿಗೆ ಬೆಚ್ಚಗಾಗಿ ಬಿದ್ದಿತ್ತು. ಅದರ ಮೇಲೆ ಕುಳಿತು ಅವಳು ಮನಸಾರೆ ಅತ್ತಳು. ಅಬ್ಬಾನ ಮೇಲಿನ ಪ್ರೀತಿಯೂ ಅಮ್ಮಿಯ ಮೇಲಿನ ಸಿಟ್ಟೂ ಆ ಅಳುವಿನಲ್ಲಿ ಒಟ್ಟಿಗೆ ಹರಿದವು. ಅಷ್ಟರಲ್ಲಿ ಅಲ್ಲಾಉದ್ದೀನ್ ಹೊರಗಿನಿಂದ ಬಂದ. ಹೆಂಡತಿಯ ಕಣ್ಣು ನೋಡಿ ಗಾಬರಿಯಾದ.

“ಅತ್ತಿ ಉಂಡರೇನು?”

“ಒಂದೂವರಿ ರೊಟ್ಟಿ.”

“ಮತ್ತ ನೀನು?”

‘ನಂದು ಆಗ್ಯಾದ’ ಎಂಬ ಮಾತು ಅಭ್ಯಾಸಬಲದಿಂದ ಅವಳ ನಾಲಿಗೆಯ ತುದಿಗೆ ಬಂದಿತ್ತು. ಅಲ್ಲೇ ನಿಂತಿತು.

“ಇಲ್ಲ. ಬೆಳಿಗ್ಗಿಂದ ಏನೂ ತಿಂದಿಲ್ಲ,” ಎಂದಳು ಮುಸರ್ರತ್. “ಹಸಿವಿ ಆಗ್ಯಾದ. ಅವರದು ಮುಗಿದ ಕೂಡಲೇ ಬಿಸಿ ರೊಟ್ಟಿ ನಂಗ ಮೊದಲು.”